ಅರೆತಲೆನೋವು: ಚಾಕೊಲೇಟ್ ಕಾರಣವೋ, ಮುನ್ಸೂಚನೆಯೋ?

ಅರೆತಲೆನೋವು (ಮೈಗ್ರೇನ್) ಇರುವವರು ವರ್ಜಿಸಬೇಕಾದ ಆಹಾರಗಳ ಪಟ್ಟಿಯಲ್ಲಿ ಚಾಕೊಲೇಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದಕ್ಕೆ ಆಧಾರವೆಷ್ಟು?

‘ತಿಂದೆ, ಮರುದಿನ ನೋವು ಬಂತು’ ಎಂಬ ಅನುಭವವೇ ಹಲವರ ಆಧಾರ. ಆದರೆ ಒಂದು ಘಟನೆಯ ಅನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗದು. ನೋವಿಗೆ ಕೆಲವು ಗಂಟೆಗಳಿಂದ ಎರಡು ದಿನಗಳಷ್ಟು ಮೊದಲೇ ಹಲವರಲ್ಲಿ ಆಕಳಿಕೆ, ಬಳಲಿಕೆ, ಕೆಲವರಲ್ಲಿ ಸಿಹಿಯ ಬಯಕೆ ಕಾಣಿಸಿಕೊಳ್ಳುತ್ತವೆ. ಅಂದರೆ ಮಿದುಳಿನಲ್ಲಿ ಮೈಗ್ರೇನ್ ಆಗಲೇ ಆರಂಭವಾಗಿರುತ್ತದೆ. ಚಾಕೊಲೇಟ್ ತಿಂದದ್ದು ಅದರ ಪರಿಣಾಮವೂ ಆಗಿರಬಹುದು!

ಇದನ್ನು ನಿರ್ಧರಿಸಲು ಪ್ರಯೋಗ ಬೇಕು. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಪದೇ ಪದೇ ತಲೆನೋವು ಬರುತ್ತಿದ್ದ 63 ಮಹಿಳೆಯರಿಗೆ ಚಾಕೊಲೇಟನ್ನೂ ಅದನ್ನೇ ಹೋಲುವ ಕ್ಯಾರಬ್ ಕಾಯಿಯ ತಿನಿಸನ್ನೂ ನೀಡಲಾಯಿತು. ಯಾವುದು ಯಾವುದೆಂದು ತಿಂದವರಿಗೂ ಪರೀಕ್ಷಕರಿಗೂ ತಿಳಿದಿರಲಿಲ್ಲ. ಚಾಕೊಲೇಟ್ ಹೆಚ್ಚು ತಲೆನೋವು ತರಲಿಲ್ಲ. ಅಧ್ಯಯನ ಚಿಕ್ಕದು; ಎಲ್ಲರದ್ದೂ ಮೈಗ್ರೇನ್ ಅಲ್ಲ ಎಂಬ ಮಿತಿಯೂ ಇದೆ.

ಹಾಗೆಂದು ಆಹಾರದ ಪಾತ್ರವೇ ಇಲ್ಲವೆನ್ನಲಾಗದು. 2021ರ ಪ್ರಯೋಗವೊಂದರಲ್ಲಿ 182 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ 16 ವಾರ ಬೇರೆ ಬೇರೆ ಆಹಾರ ಕೊಡಲಾಯಿತು. ಮೀನಿನಲ್ಲಿರುವ ಒಮೆಗಾ-3 ಹೆಚ್ಚಿಸಿ, ಸಸ್ಯತೈಲಗಳ ಲಿನೋಲಿಯಿಕ್ ಆಮ್ಲ ತಗ್ಗಿಸಿದ ಗುಂಪಿನಲ್ಲಿ ತಲೆನೋವಿನ ದಿನಗಳು ಸಾಮಾನ್ಯ ಆಹಾರದ ಗುಂಪಿಗಿಂತ ತಿಂಗಳಿಗೆ ಸುಮಾರು 4ರಷ್ಟು ಕಡಿಮೆಯಾದವು. ಆದರೆ ದೈನಂದಿನ ಬದುಕಿನ ಮೇಲೆ ನೋವಿನ ಪರಿಣಾಮ ಗಣನೀಯವಾಗಿ ತಗ್ಗಲಿಲ್ಲ.

ಉದ್ದನೆಯ ಪಟ್ಟಿ ನೋಡಿ ಊಟವನ್ನೇ ಬಿಡುವುದು ಅಪಾಯಕರ. ಹಸಿವೂ ಅನೇಕರಲ್ಲಿ ನೋವನ್ನು ಪ್ರಚೋದಿಸುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ವೈದ್ಯರು ಕೊಟ್ಟ ಔಷಧ ಮುಂದುವರಿಸಬೇಕು. ದಿನಚರಿ ಬರೆಯುವವರು ತಿಂದದ್ದನ್ನಷ್ಟೇ ಅಲ್ಲ, ತಿನ್ನುವ ಬಯಕೆ ಯಾವಾಗ ಹುಟ್ಟಿತೆಂಬುದನ್ನೂ ದಾಖಲಿಸಲಿ.