ತಂತಿಯಲ್ಲಿ ಕಳೆದುಹೋಗುವ 128 ಬೈಟು

ರೆಸಲ್ಯೂಷನ್ ತಾನಾಗಿ ಬದಲಾಗುವ ಡೆಸ್ಕ್‌ಟಾಪ್ ಕಂಡ ಕೂಡಲೇ ಹೆಚ್ಚಿನವರು ಮಾನಿಟರ್ ಹೋಯಿತೆಂದು ತೀರ್ಮಾನಿಸಿಬಿಡುತ್ತಾರೆ. ಬೆಳಿಗ್ಗೆ 1920×1080ರಲ್ಲಿ ಚೊಕ್ಕವಾಗಿ ತೆರೆದುಕೊಂಡ ಪರದೆ ಮಧ್ಯಾಹ್ನದ ಹೊತ್ತಿಗೆ 1024×768ಕ್ಕೆ ಇಳಿದಿರುತ್ತದೆ. ಐಕಾನುಗಳು ಊದಿಕೊಂಡಿರುತ್ತವೆ, ಫೋಟೊದಲ್ಲಿನ ಮುಖಗಳು ಅಡ್ಡಕ್ಕೆ ಹಿಗ್ಗಿರುತ್ತವೆ, ಅಕ್ಷರಗಳ ಅಂಚು ಮಸುಕು. ರೀಸ್ಟಾರ್ಟ್ ಮಾಡಿದರೆ ಒಮ್ಮೆ ಸರಿಹೋಗುತ್ತದೆ, ಮತ್ತೊಮ್ಮೆ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಕೊನೆಗೆ ಹೊತ್ತುಕೊಂಡು ಅಂಗಡಿಗೆ ಹೋದರೆ ಅಲ್ಲಿ ಏನೂ ತೊಂದರೆಯಿಲ್ಲ! ಈ ಕೊನೆಯ ಸಂಗತಿಯೇ ದೊಡ್ಡ ಸುಳಿವು. ಅಂಗಡಿಯವರು ಹಚ್ಚಿದ್ದು ಅವರ ಕೇಬಲ್.

ನನ್ನ ಖಚಿತ ಅಭಿಪ್ರಾಯ ಇದು: ಒಮ್ಮೆ ಸರಿ, ಒಮ್ಮೆ ತಪ್ಪು ಎಂಬಂತೆ ನಡೆದುಕೊಳ್ಳುವ ಪರದೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ತಂತಿಯನ್ನು. ಮಾನಿಟರ್ ಮತ್ತು ಕಂಪ್ಯೂಟರ್ ಎರಡೂ ಗಟ್ಟಿಮುಟ್ಟಾಗಿದ್ದು, ಒಂದಕ್ಕೊಂದು ಪರಿಚಯ ಮಾಡಿಕೊಳ್ಳುವ ಆ ಅರೆಗಳಿಗೆಯಲ್ಲಿ ಎಲ್ಲ ಕೆಟ್ಟಿರುತ್ತದೆ.

ಆ ಪರಿಚಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಬಲು ಸೊಗಸಾದ ಏರ್ಪಾಟು. ಹಳೆಯ ಸಿಆರ್‌ಟಿ ಪರದೆಗೆ ತನ್ನದೇ ಎಂಬ ಒಂದು ರೆಸಲ್ಯೂಷನ್ ಇರಲಿಲ್ಲ. ಎಲೆಕ್ಟ್ರಾನ್ ಕಿರಣ 640×480ನ್ನೂ ಬಿಡಿಸುತ್ತಿತ್ತು, 1024×768ನ್ನೂ ಬಿಡಿಸುತ್ತಿತ್ತು. ಎಲ್‌ಸಿಡಿ ಹಾಗಲ್ಲ. ಅದರಲ್ಲಿ ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದ ಪಿಕ್ಸೆಲ್‌ಗಳಿರುತ್ತವೆ. 1920×1080 ಎಂದರೆ 20,73,600 ಚುಕ್ಕೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಲೆಕ್ಕವನ್ನು ಕಂಪ್ಯೂಟರಿಗೆ ಯಾರು ತಿಳಿಸಬೇಕು? ಮಾನಿಟರೇ ತಿಳಿಸುತ್ತದೆ. ಪರದೆಗಳ ಮಾನಕ ರೂಪಿಸುವ ವೆಸಾ ಒಕ್ಕೂಟ 1994ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಇಡಿಐಡಿ ಎಂದು ಅದರ ಹೆಸರು. ಮಾನಿಟರಿನೊಳಗಿನ ಪುಟ್ಟ ಮೆಮೊರಿ ಚಿಪ್‌ನಲ್ಲಿ 128 ಬೈಟುಗಳಷ್ಟು ಮಾಹಿತಿ ಬರೆದಿಟ್ಟಿರುತ್ತಾರೆ: ತಯಾರಕರ ಮೂರಕ್ಷರದ ಗುರುತು, ತಯಾರಾದ ವರ್ಷ, ಪರದೆಯ ಉದ್ದಗಲ ಸೆಂಟಿಮೀಟರಿನಲ್ಲಿ, ಯಾವ ರೆಸಲ್ಯೂಷನ್ ತನಗೆ ಒಗ್ಗುತ್ತದೆ, ಯಾವುದು ಅಚ್ಚುಮೆಚ್ಚು. ಎಲ್‌ಜಿ ಮಾನಿಟರುಗಳು ಇವತ್ತಿಗೂ ಇಲ್ಲಿ 'ಜಿಎಸ್ಎಂ' ಎಂದು ಹೇಳಿಕೊಳ್ಳುತ್ತವೆ, ಕಂಪನಿಯ ಹಳೆಯ ಗೋಲ್ಡ್‌ಸ್ಟಾರ್ ಹೆಸರಿನ ಉಳಿಕೆ ಅದು. ಇಂಥದ್ದನ್ನು ಕಂಡಾಗ ನನಗೆ ಹಳೆಯ ಶಾಸನವೊಂದನ್ನು ಓದಿದಷ್ಟು ಖುಷಿಯಾಗುತ್ತದೆ.

128 ಬೈಟುಗಳನ್ನೂ ಕೂಡಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಹಾಗಾಗುವಂತೆ ಕೊನೆಯ ಬೈಟನ್ನು ಹೊಂದಿಸಿರುತ್ತಾರೆ. ದಾರಿಯಲ್ಲಿ ಒಂದು ಬಿಟ್ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ, ಗ್ರಾಫಿಕ್ಸ್ ಡ್ರೈವರ್ ಆ ಮಾಹಿತಿಯನ್ನು ನಂಬದೆ ಪಕ್ಕಕ್ಕಿಡುತ್ತದೆ. ಆಮೇಲೆ ಯಾವ ಪರದೆಗಾದರೂ ಒಗ್ಗೀತು ಎಂಬ ಅಂದಾಜಿನಲ್ಲಿ 1024×768ನ್ನೋ 640×480ನ್ನೋ ಹಿಡಿಯುತ್ತದೆ. ನಿಮ್ಮ ಪರದೆ ಇದ್ದಕ್ಕಿದ್ದಂತೆ ಈ ಅಳತೆಗಳಿಗೇ ಏಕೆ ಕುಸಿಯುತ್ತದೆ ಎಂಬುದಕ್ಕೆ ಇದು ಕಾರಣ.

ಈಗ ತಂತಿಗೆ ಬರೋಣ. ನೀಲಿ ತಲೆಯ ವಿಜಿಎ ಕೇಬಲ್‌ನಲ್ಲಿ 15 ಪಿನ್. 1987ರಲ್ಲಿ ಐಬಿಎಂ ಅದನ್ನು ತಂದಾಗ ಇಡಿಐಡಿಯ ಕಲ್ಪನೆಯೇ ಇರಲಿಲ್ಲ; ಮುಂದೆ 12 ಮತ್ತು 15ನೇ ಪಿನ್‌ಗಳನ್ನು ಈ ಪರಿಚಯದ ಮಾತಿಗೆಂದು ಬಿಟ್ಟುಕೊಟ್ಟರು. ಚಿತ್ರ ಸಾಗುವುದು ಬೇರೆ ಪಿನ್‌ಗಳಲ್ಲಿ. ಹಾಗಾಗಿ ಈ ಎರಡು ಎಳೆಗಳನ್ನು ಜೋಡಿಸದೇ ಇರುವ ಅಗ್ಗದ ಕೇಬಲ್‌ನಲ್ಲೂ ಚಿತ್ರ ಬಣ್ಣಬಣ್ಣವಾಗಿ ಬರುತ್ತದೆ, ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಎಳೆ ಇದ್ದೂ ಸ್ಕ್ರೂ ಬಿಗಿಯದೆ ಜೋತಾಡುತ್ತಿದ್ದರೆ ಆಗುವುದೂ ಅದೇ, ಆದರೆ ಆಗಾಗ ಮಾತ್ರ. ಟೇಬಲ್ ಅಲುಗಿದಾಗ, ಗುಡಿಸುವವರು ಸಿಪಿಯು ಸರಿಸಿದಾಗ. ಎಚ್‌ಡಿಎಂಐಯಲ್ಲಿ ಈ ಕೆಲಸ 15 ಮತ್ತು 16ನೇ ಪಿನ್‌ಗಳದು. 19ನೇದು, ಪರದೆ ಜೋಡಿಯಾಗಿದೆ ಎಂದು ಸಾರುವ ಪಿನ್. ಎಚ್‌ಡಿಎಂಐಗೆ ಸ್ಕ್ರೂ ಇಲ್ಲದ್ದರಿಂದ ಭಾರಕ್ಕೆ ಜಗ್ಗಿ ಒಂದು ಕೂದಲೆಳೆ ಹೊರಗೆ ಬಂದರೂ ಸಂಪರ್ಕ ತುಂಡಾಗುತ್ತದೆ.

ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪುಟ್ಟ ಕನ್ವರ್ಟರ್ ಇದ್ದಲ್ಲಿ ಇನ್ನೊಂದು ತೊಡಕು. ಅದರೊಳಗೊಂದು ಚಿಪ್ ಇದೆ, ಅದಕ್ಕೆ ವಿದ್ಯುತ್ ಬೇಕು. ಎಚ್‌ಡಿಎಂಐ ನಿಯಮದ ಪ್ರಕಾರ ಕಂಪ್ಯೂಟರು 5 ವೋಲ್ಟಿನಲ್ಲಿ 55 ಮಿಲಿಆಂಪಿಯರ್ ಕೊಟ್ಟರೆ ಸಾಕು. ಕೆಲವು ಕನ್ವರ್ಟರುಗಳಿಗೆ ಅಷ್ಟು ಸಾಲದು. ಶುರುವಿನಲ್ಲಿ ಹೇಗೋ ನಡೆದು, ಬಿಸಿಯೇರಿದ ಮೇಲೆ ತಡವರಿಸುತ್ತವೆ. ಮಗ್ಗುಲಲ್ಲಿ ಯುಎಸ್‌ಬಿ ತೂತು ಇರುವ ಕನ್ವರ್ಟರನ್ನೇ ಕೊಳ್ಳಿ, ಆ ತೂತಿಗೆ ವಿದ್ಯುತ್ ಕೊಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎರಡೂ ಬಗೆ ಅಕ್ಕಪಕ್ಕದಲ್ಲೇ ಸಿಗುತ್ತವೆ, ತುಸು ಹೆಚ್ಚು ಬೆಲೆಯದು ಆ ಹೆಚ್ಚಿಗೆ ತಕ್ಕದ್ದು.

ಪರೀಕ್ಷೆಗೆ ಉಪಕರಣ ಬೇಡ, ಮೂರು ಸಂಖ್ಯೆಗಳು ಸಾಕು. ಒಂದು, ಮಾನಿಟರಿನ ಕೈಪಿಡಿಯಲ್ಲಿರುವ ಅದರ ಸಹಜ ರೆಸಲ್ಯೂಷನ್. ಇನ್ನೊಂದು, ಮಾನಿಟರಿನ ಬಟನ್ ಒತ್ತಿದಾಗ ಅದರ ಮೆನುವಿನಲ್ಲಿ ಕಾಣುವ, ಸದ್ಯ ಬರುತ್ತಿರುವ ಸಿಗ್ನಲ್‌ನ ಅಳತೆ. ಮತ್ತೊಂದು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ, ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ. ಅಲ್ಲಿ ಡೆಸ್ಕ್‌ಟಾಪ್‌ನ ಅಳತೆಯನ್ನೂ ಹೊರಹೋಗುತ್ತಿರುವ ಸಿಗ್ನಲ್‌ನ ಅಳತೆಯನ್ನೂ ಬೇರೆಬೇರೆಯಾಗಿ ತೋರಿಸುತ್ತಾರೆ. ಈ ಎರಡಕ್ಕೆ ತಾಳೆಯಾಗದಿದ್ದರೆ ಗ್ರಾಫಿಕ್ಸ್ ಕಾರ್ಡೇ ಚಿತ್ರವನ್ನು ಹಿಗ್ಗಿಸುತ್ತಿದೆ. ಎರಡೂ ಒಂದೇ ಆಗಿದ್ದು, ಸಹಜ ರೆಸಲ್ಯೂಷನ್ ಎಂಬುದು ಆಯ್ಕೆಯ ಪಟ್ಟಿಯಲ್ಲೇ ಇಲ್ಲವಾದರೆ ಪರಿಚಯ ತಪ್ಪಿದೆ, ಇಲ್ಲವೇ ಡ್ರೈವರ್ ಇಲ್ಲ. ಡ್ರೈವರ್ ವಿಷಯ ಸುಲಭ: ಡಿವೈಸ್ ಮ್ಯಾನೇಜರ್‌ನಲ್ಲಿ ನಿಮ್ಮ ಕಾರ್ಡಿನ ಹೆಸರಿರಬೇಕಾದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ತಯಾರಕರ ತಾಣದಿಂದ ಸರಿಯಾದ ಡ್ರೈವರ್ ಇಳಿಸಿ ಹಾಕಿ. ಹೆಸರು ಸರಿಯಿದ್ದರೆ ಮತ್ತೆ ತಂತಿಯ ಬಳಿಗೇ ಬನ್ನಿ.

ಲಿನಕ್ಸ್ ಬಳಸುವವರಿಗೆ ಇಲ್ಲೊಂದು ಅನುಕೂಲ. ಇಡಿಐಡಿ-ಡೀಕೋಡ್ ಎಂಬ ಸಾಧನ ಮಾನಿಟರ್ ಹೇಳಿದ್ದನ್ನೆಲ್ಲ ಬಿಡಿಸಿಡುತ್ತದೆ, ಏನೂ ಬರದಿದ್ದರೆ ಏನೂ ಬಂದಿಲ್ಲವೆಂದು ಆಗಲೇ ಗೊತ್ತಾಗುತ್ತದೆ. ಎಕ್ಸ್‌ರ್‍ಯಾಂಡರ್ ಮೂಲಕ ಹೊಸ ಮೋಡ್ ಸೇರಿಸಿ ರೆಸಲ್ಯೂಷನ್ ಒತ್ತಾಯದಿಂದ ಕೂರಿಸುವ ದಾರಿಯನ್ನು ಬಹಳ ಮಂದಿ ಹಿಡಿಯುತ್ತಾರೆ. ಕೇಬಲ್ ಬದಲಿಸಲು ಆಗದೇ ಇದ್ದಾಗ ಮಾತ್ರ ಅದು ಯೋಗ್ಯ.

1366×768ರ ಪರದೆಗಳದ್ದು ಬೇರೆಯೇ ಕತೆ, ತಂತಿ ಸರಿಯಿದ್ದರೂ ಅವು ಕಾಡುತ್ತವೆ. ಇಡಿಐಡಿಯ ಒಂದು ಭಾಗದಲ್ಲಿ ಅಗಲವನ್ನು ಎಂಟರ ಮಗ್ಗಿಯಲ್ಲೇ ಬರೆಯಬೇಕು. 1366 ಆ ಮಗ್ಗಿಯಲ್ಲಿ ಬರುವುದಿಲ್ಲ. ಹಾಗಾಗಿ ಕೆಲವು ಕಂಪ್ಯೂಟರುಗಳು 1360 ಎನ್ನುತ್ತವೆ, ಕೆಲವು 1368. ವಿಜಿಎ ಜೋಡಣೆಯಲ್ಲಂತೂ ಪಿಕ್ಸೆಲ್ ಎಷ್ಟೆಂದು ಸಿಗ್ನಲ್ ಹೇಳುವುದೇ ಇಲ್ಲ, ಸಾಲುಗಳ ಲೆಕ್ಕ ಮತ್ತು ವೇಗ ನೋಡಿ ಮಾನಿಟರ್ ಊಹಿಸಬೇಕು. 1024×768ರ ಸಾಲಿನ ವೇಗ ಸೆಕೆಂಡಿಗೆ ಸುಮಾರು 48.4 ಸಾವಿರ, 1366×768ರದ್ದು 47.7 ಸಾವಿರ. ಇಷ್ಟು ಹತ್ತಿರವಿದ್ದರೆ ಮಾನಿಟರ್ ಎಡವುವುದು ಸಹಜವೇ. ಅದರ ಮೇಲಿನ 'ಆಟೊ' ಬಟನ್ ಒತ್ತಿದರೆ ಮತ್ತೊಮ್ಮೆ ಅಳೆದು ಸರಿಮಾಡಿಕೊಳ್ಳುತ್ತದೆ. ಹೊಸ ಕಂಪ್ಯೂಟರಿನಲ್ಲಿ ಡಿಜಿಟಲ್ ಪೋರ್ಟ್ ಇದ್ದೂ ಮಾನಿಟರಿಗೂ ಅದಿದ್ದೂ ವಿಜಿಎ ಬಳಸುವುದಕ್ಕೆ ನನಗೆ ಒಂದೂ ಕಾರಣ ತೋರುವುದಿಲ್ಲ.

ಡಿಸ್‌ಪ್ಲೇಪೋರ್ಟ್‌ನ ದೂರು ತಿರುಗುಮುರುಗು. ಅಲ್ಲಿ ಕೆಲವು ಮಾನಿಟರುಗಳು ನಿದ್ರೆಗೆ ಜಾರಿದಾಗ ಕೇಬಲ್ ಕಿತ್ತಂತೆಯೇ ಕಂಪ್ಯೂಟರಿಗೆ ಕಾಣುತ್ತದೆ. ಅದು ಪರದೆಯೇ ಇಲ್ಲವೆಂದುಕೊಂಡು ಕನಿಷ್ಠ ಅಳತೆಗೆ ಇಳಿಯುತ್ತದೆ, ಎದ್ದು ಬಂದು ನೋಡಿದರೆ ವಿಂಡೋಗಳೆಲ್ಲ ಮುದುಡಿ ಎಡಮೂಲೆಯಲ್ಲಿ ಗುಡ್ಡೆಯಾಗಿರುತ್ತವೆ. ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಎಂಬಂಥ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿಬಿಡಿ. ವಿಂಡೋಸ್ 11ರಲ್ಲಿ ವಿಂಡೋಗಳ ಜಾಗ ನೆನಪಿಟ್ಟುಕೊಳ್ಳುವ ಸೆಟ್ಟಿಂಗ್ ಕೂಡ ಇದೆ. ಒಂದೇ ಪರದೆಗೆ ಎರಡು ಕಂಪ್ಯೂಟರ್ ಜೋಡಿಸುವ ಕೆವಿಎಂ ಸ್ವಿಚ್‌ಗಳಲ್ಲೂ ಈ ಕಾಟ ಉಂಟು; ಇಡಿಐಡಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಸ್ವಿಚ್ ಆದರೆ ತೊಂದರೆಯಿಲ್ಲ. ಟಿವಿಯನ್ನು ಮಾನಿಟರ್ ಮಾಡಿಕೊಂಡವರಿಗೆ ಅಂಚು ಕತ್ತರಿಸಿಹೋಗಿದ್ದರೆ ಅದು ರೆಸಲ್ಯೂಷನ್ ದೋಷವೇ ಅಲ್ಲ, ಓವರ್‌ಸ್ಕ್ಯಾನ್. ಟಿವಿಯ ಚಿತ್ರದ ಅಳತೆಯನ್ನು 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಮಾಡಿದರೆ ಮುಗಿಯಿತು.

ಇಷ್ಟು ಹಟ ಏಕೆ, ಸ್ವಲ್ಪ ಮಸುಕಿದ್ದರೆ ಏನಂತೆ ಎನ್ನುವವರು ಒಮ್ಮೆ ಕನ್ನಡ ಪುಟ ತೆರೆದು ನೋಡಬೇಕು. 'ದ'ವನ್ನು 'ಧ' ಮಾಡುವುದು ಹೊಟ್ಟೆಯ ಕೆಳಗಿನ ಒಂದು ಪುಟ್ಟ ಗೀರು. 'ಪ' ಮತ್ತು 'ಫ', 'ಡ' ಮತ್ತು 'ಢ' ಕೂಡ ಹಾಗೆಯೇ. 'ರಾಷ್ಟ್ರ' ಎಂಬಲ್ಲಿ ಅಕ್ಷರದ ಕೆಳಗೆ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ನಿಲ್ಲಬೇಕು. ಸಣ್ಣ ಗಾತ್ರದ ಅಕ್ಷರದಲ್ಲಿ ಈ ಗೀರುಗಳ ಪಾಲಿಗೆ ಬರುವುದು ಒಂದೋ ಎರಡೋ ಪಿಕ್ಸೆಲ್. 1024 ಚುಕ್ಕೆಗಳ ಚಿತ್ರವನ್ನು 1920 ಚುಕ್ಕೆಗಳ ಮೇಲೆ ಎಳೆದು ಹರಡಿದಾಗ ಆ ಒಂದು ಪಿಕ್ಸೆಲ್ ಪಕ್ಕದವುಗಳೊಂದಿಗೆ ಕಲಸಿ ಬೂದುಬಣ್ಣವಾಗುತ್ತದೆ. ಅಕ್ಷರ ನುಣುಪಾಗಿಸಲು ವಿಂಡೋಸ್ ಬಳಸುವ ಕ್ಲಿಯರ್‌ಟೈಪ್ ತಂತ್ರ ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕುತ್ತದೆ. ಸಹಜ ರೆಸಲ್ಯೂಷನ್ ತಪ್ಪಿದೊಡನೆ ಆ ಲೆಕ್ಕವೂ ಕೆಡುತ್ತದೆ. ನಮ್ಮ ಡಿಟಿಪಿ ಮನೆಗಳಲ್ಲಿ ದಿನವಿಡೀ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡುವವರು, ಪರದೆಯ ಮೇಲೆಯೇ ಕರಡು ತಿದ್ದುವವರು ಇಂಥ ಮಸುಕಿನಲ್ಲಿ ಮಹಾಪ್ರಾಣ ಬಿಟ್ಟರೆ ಅವರ ಕಣ್ಣನ್ನಾಗಲಿ ಕನ್ನಡವನ್ನಾಗಲಿ ದೂರುವುದು ಅನ್ಯಾಯ.

ಕೆಲವರು ಅಕ್ಷರ ದೊಡ್ಡದಾಗಿ ಕಾಣಲೆಂದೇ ರೆಸಲ್ಯೂಷನ್ ಇಳಿಸಿಕೊಂಡಿರುತ್ತಾರೆ, ಅದರಲ್ಲೂ ವಯಸ್ಸಾದವರು. ಅವರಿಗೆ ಬೇಕಾದದ್ದು ಅದರ ಮಗ್ಗುಲಲ್ಲೇ ಇರುವ ಸ್ಕೇಲ್ ಎಂಬ ಆಯ್ಕೆ. ರೆಸಲ್ಯೂಷನ್ ಸಹಜ ಅಳತೆಯಲ್ಲೇ ಇರಲಿ, ಸ್ಕೇಲ್ ಮಾತ್ರ 125ಕ್ಕೋ 150 ಪ್ರತಿಶತಕ್ಕೋ ಏರಿಸಿ. ಆಗ ಅಕ್ಷರ ಹಿರಿದಾಗುತ್ತದೆ, ಗೀರು ಗೀರಾಗಿಯೇ ಉಳಿಯುತ್ತದೆ. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಇದೊಂದನ್ನು ಇವತ್ತೇ ನೋಡಿ ಸರಿಪಡಿಸಿ. ಇನ್ನು ಪರದೆ ತಾನಾಗಿಯೇ ಕುಣಿಯುತ್ತಿದ್ದರೆ, ಹೊಸ ಮಾನಿಟರಿಗೆ ದುಡ್ಡು ಎಣಿಸುವ ಮೊದಲು ಗೆಳೆಯರಿಂದ ಒಂದು ಒಳ್ಳೆಯ ಕೇಬಲ್ ಎರವಲು ತಂದು ಎರಡು ದಿನ ಹಾಕಿಟ್ಟು ನೋಡಿ.