ಮೂವರ ಕೊರಳು, ಒಬ್ಬಳ ಹೆಸರು

ಹಾಡುವವರ ಮೇಳವೊಂದು ಒಡೆದು, ಅದರಲ್ಲಿದ್ದವರು ಬೇರೆಬೇರೆಯಾಗಿ ಹಾಡತೊಡಗಿದರೆ ವಿಮರ್ಶಕನ ಕೆಲಸ ಸುಲಭವಾಯಿತೆಂದು ಎಣಿಸುವವರುಂಟು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ, ತೂಗಿ, 'ಪ್ರತಿಭೆಯೆಲ್ಲ ಇವಳದು, ಉಳಿದವರು ಇವಳ ನೆರಳು' ಎಂದು ತೀರ್ಪು ಕೊಟ್ಟುಬಿಡಬಹುದಲ್ಲ! ಅಮೆರಿಕದ 'ಸುಪ್ರೀಮ್ಸ್' ಮೇಳದ ವಿಷಯದಲ್ಲಿ ದಶಕಗಳಿಂದ ನಡೆದುಬಂದಿರುವುದು ಇಂಥ ತೀರ್ಪುಗಾರಿಕೆಯೇ. ಸ್ವಾರಸ್ಯವೆಂದರೆ ತೀರ್ಪು ಒಂದಲ್ಲ, ಎರಡು; ಒಂದಕ್ಕೊಂದು ತೀರ ವಿರುದ್ಧವಾದವು. ಡಯಾನಾ ರಾಸ್ ಎಂಬಾಕೆಯೇ ಸರ್ವಸ್ವ. ಮೇರಿ ವಿಲ್ಸನ್, ಫ್ಲಾರೆನ್ಸ್ ಬ್ಯಾಲರ್ಡ್ ಇಬ್ಬರೂ ಆಕೆಯ ಎಡಬಲಕ್ಕೆ ನಿಂತ ಬೊಂಬೆಗಳು ಎಂಬುದು ಒಂದು ಪಕ್ಷ. ನಿಜವಾದ ಗಾಯಕಿ ಫ್ಲಾರೆನ್ಸ್; ಧಣಿಯ ಕೃಪೆಯಿಂದ ಡಯಾನಾ ಆ ಪೀಠವನ್ನು ಕಸಿದುಕೊಂಡಳು ಎಂಬುದು ಇನ್ನೊಂದು. ಎರಡು ಪಕ್ಷದವರೂ ಹಾಡುಗಳನ್ನು ಕೇಳಿದ್ದಕ್ಕಿಂತ, ಹಾಡಿದವರ ಸ್ವಂತ ಬದುಕಿನ ಸುದ್ದಿಗಳನ್ನು ಕೇಳಿದ್ದೇ ಹೆಚ್ಚೆಂದು ನನಗೆ ತೋರುತ್ತದೆ.

ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1959ರಲ್ಲಿ ಡೆಟ್ರಾಯಿಟ್ ನಗರದ ಬ್ರೂಸ್ಟರ್-ಡಗ್ಲಾಸ್ ಎಂಬ ಸರ್ಕಾರಿ ವಸತಿಯ ಆಸುಪಾಸಿನಲ್ಲಿ, ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಕಪ್ಪು ಜನಾಂಗದ ನಾಲ್ವರು ಹುಡುಗಿಯರು 'ಪ್ರೈಮೆಟ್ಸ್' ಎಂಬ ಹೆಸರಿನಲ್ಲಿ ಹಾಡಲಾರಂಭಿಸಿದರು. 'ಪ್ರೈಮ್ಸ್' ಎಂಬ ಹುಡುಗರ ಮೇಳಕ್ಕೆ ಇವರು ತಂಗಿಯರಿದ್ದ ಹಾಗೆ. ಹೆಸರೂ ಅಲ್ಲಿಂದಲೇ ಬಂದದ್ದು. 1961ರಲ್ಲಿ ಬೆರ್ರಿ ಗಾರ್ಡಿಯ ಮೋಟೌನ್ ಸಂಸ್ಥೆ ಇವರನ್ನು ಸೇರಿಸಿಕೊಂಡು, ಹೆಸರು ಬದಲಿಸಬೇಕೆಂದಿತು. ಮುಂದಿಟ್ಟ ಹೆಸರುಗಳ ಪಟ್ಟಿಯಿಂದ 'ಸುಪ್ರೀಮ್ಸ್' ಎಂಬುದನ್ನು ಆರಿಸಿದವಳು ಫ್ಲಾರೆನ್ಸ್. ಮರುವರ್ಷ ನಾಲ್ವರು ಮೂವರಾದರು. 1964ರ ಬೇಸಗೆಯವರೆಗೆ ಹೇಳಿಕೊಳ್ಳುವಂಥ ಗೆಲುವೇನೂ ದೊರಕದೆ, ಸಂಸ್ಥೆಯ ಒಳಗೇ ಇವರನ್ನು 'ಗೆಲ್ಲದ ಸುಪ್ರೀಮ್ಸ್' ಎಂದು ಹಾಸ್ಯ ಮಾಡುತ್ತಿದ್ದರು. ಅಲ್ಲಿಂದ 1969ರ ಕೊನೆಯೊಳಗೆ ಇವರ 12 ಹಾಡುಗಳು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೆ ಏರಿದವು. ಅವುಗಳಲ್ಲಿ ಮೊದಲ ಐದು ಒಂದರ ಹಿಂದೊಂದರಂತೆ.

ಗಾರ್ಡಿ ಒಂದು ಕಾಲಕ್ಕೆ ಡೆಟ್ರಾಯಿಟ್‌ನ ಮೋಟಾರು ಕಾರ್ಖಾನೆಯಲ್ಲಿ ದುಡಿದವನು. ಬಿಡಿಭಾಗಗಳು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯಲ್ಲಿ ಥಳಥಳಿಸುವ ಕಾರಾಗಿ ಹೊರಬೀಳುವ ಕ್ರಮವನ್ನು ಆತ ಕಣ್ಣಾರೆ ಕಂಡಿದ್ದ. ತನ್ನ ಧ್ವನಿಮುದ್ರಣ ಶಾಲೆಯನ್ನೂ ಆತ ಹಾಗೆಯೇ ನಡೆಸಿದ. ಹಾಡು ಕಟ್ಟುವವರು ಬೇರೆ, ವಾದ್ಯ ನುಡಿಸುವವರು ಬೇರೆ, ಹೆಜ್ಜೆ ಕಲಿಸುವ ಚಾಲಿ ಆಟ್ಕಿನ್ಸ್ ಬೇರೆ, ಕುಳಿತು ಏಳುವ ರೀತಿನೀತಿಗಳನ್ನು ತಿದ್ದುವ ಮ್ಯಾಕ್ಸಿನ್ ಪವೆಲ್ ಬೇರೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾನು ಅವರ ಪೈಕಿ ಅಲ್ಲ. ದೇವಾಲಯವೂ ಒಬ್ಬನ ಕೈಯ ಕೆಲಸವಲ್ಲವಷ್ಟೆ. ಹತ್ತು ಕೈ ಸೇರಿ ಕಟ್ಟಿದ್ದರ ಮೇಲೆ ಕೊನೆಗೆ ಯಾರ ಹೆಸರನ್ನು ಕೆತ್ತಿದರು ಎಂಬಲ್ಲಿಯೇ ತೊಡಕು ಇರುವುದು.

1964ರಲ್ಲಿ ಇವರಿಗೆ ಮೊದಲ ಗೆಲುವನ್ನು ತಂದ 'ವೇರ್ ಡಿಡ್ ಅವರ್ ಲವ್ ಗೋ' ಎಂಬ ಹಾಡನ್ನೇ ತೆಗೆದುಕೊಳ್ಳಿ. ಕಟ್ಟಿದವರು ಬ್ರಯನ್ ಹಾಲೆಂಡ್, ಲಾಮಂಟ್ ಡೋಜಿಯರ್, ಎಡ್ಡಿ ಹಾಲೆಂಡ್ ಎಂಬ ಮೂವರು. ಅದೇ ಸಂಸ್ಥೆಯ 'ಮಾರ್ವಲೆಟ್ಸ್' ಮೇಳ ಬೇಡವೆಂದು ತಳ್ಳಿದ ಹಾಡು ಇದು. ಸುಪ್ರೀಮ್ಸ್ ಹುಡುಗಿಯರಿಗೂ ಮನಸ್ಸಿರಲಿಲ್ಲ. ಶ್ರುತಿ ಡಯಾನಾಳ ವಾಡಿಕೆಗಿಂತ ಕೆಳಗಿದ್ದುದರಿಂದ ಆಕೆ ಕೊರಳನ್ನು ಇಳಿಸಿ, ಬಹುಮಟ್ಟಿಗೆ ಮಾತನಾಡುವ ಹಾಗೆ ಹಾಡಬೇಕಾಯಿತು. ಅದೇ ಒಳ್ಳೆಯದಾಯಿತು. ಹಲಗೆಯ ಮೇಲೆ ಕಾಲು ತುಳಿದ ಸದ್ದಿನಿಂದ ಹಾಡು ಆರಂಭವಾಗುತ್ತದೆ. ಆ ತುಳಿತ ಕೊನೆಯವರೆಗೂ ಬಿಡುವುದಿಲ್ಲ. ನಲ್ಲ ಬಿಟ್ಟು ಹೋಗುತ್ತಿದ್ದಾನೆ, ಆದರೆ ದನಿಯಲ್ಲಿ ಅಳುವಿಲ್ಲ, ಏರಿಳಿತದ ಆರ್ಭಟವಿಲ್ಲ. ಮೇರಿ, ಫ್ಲಾರೆನ್ಸ್ ಇಬ್ಬರಿಗೂ ಮೊದಲು ಯೋಚಿಸಿದ್ದ ತೊಡಕಿನ ಹಿಮ್ಮೇಳವನ್ನು ಕೈಬಿಟ್ಟು, ಒಂದೇ ಮುದ್ದುಮಾತನ್ನು ಮತ್ತೆ ಮತ್ತೆ ಹೇಳುವ ಕೆಲಸವನ್ನು ಒಪ್ಪಿಸಿದರು. 'ಇಷ್ಟು ಹಾಡಲು ಯಾರಾದರೇನು?' ಎಂದು ಕೇಳಬಹುದು.

ನಮ್ಮ ಲಾಕ್ಷಣಿಕರ ಪರಿಭಾಷೆಯನ್ನು ಬಲ್ಲ ವಾಚಕರಿಗೆ ಇದರ ಮರ್ಮವನ್ನು ವಿವರಿಸುವುದು ಕಷ್ಟವಲ್ಲ. ವಿರಹಿಣಿಯಾದ ನಾಯಿಕೆ ತನ್ನ ಅಳಲನ್ನು ತೋಡಿಕೊಳ್ಳುವುದು ನಲ್ಲನ ಮುಂದಲ್ಲ, ಸಖಿಯರ ಮುಂದೆ. ಸಖಿ ಹೆಚ್ಚು ಮಾತನಾಡಬೇಕಾದ್ದಿಲ್ಲ. ಅವಳು ಅಲ್ಲಿರಬೇಕು, ಅಷ್ಟೆ. ಅವಳಿಲ್ಲದಿದ್ದರೆ ನಾಯಿಕೆಯ ಮಾತು ಪ್ರಲಾಪವಾಗುತ್ತದೆ. ಡಯಾನಾಳ ಕೊರಳು ತೆಳು, ಹೊಳಪಿನದು, ಸ್ವಲ್ಪ ಮೂಗಿನ ಕಡೆಗೆ ವಾಲುವಂಥದು. ಫ್ಲಾರೆನ್ಸಳದು ಚರ್ಚಿನ ಭಜನೆಯಲ್ಲಿ ಪಳಗಿದ ತುಂಬು ಕಂಠ; ಮೇರಿಯದು ಇವೆರಡರ ನಡುವಣ ಮಬ್ಬು, ಮಂಜು ಕವಿದ ಹಾಗೆ. ಆ ತೆಳುದನಿಯ ಹಿಂದೆ ಈ ಎರಡು ದನಿಗಳು ಒಂದೇ ಮಾತನ್ನು ಹಿಡಿದು ನಿಂತಾಗ, ಆಪ್ತರ ಎದುರಿನಲ್ಲಿ ಆಡಿದ ಮಾತೆಂಬ ಭಾವ ಹುಟ್ಟುತ್ತದೆ. ಕೇಳುವ ನಾವು ಬಾಗಿಲ ಮರೆಯಲ್ಲಿ ನಿಂತವರಾಗುತ್ತೇವೆ. ಈ ಮೇಳದ ಕಲೆಯೆಂದರೆ ಈ ಸಂಬಂಧವೇ ಎಂದು ನನ್ನ ಅಭಿಪ್ರಾಯ. ಅದು ಡಯಾನಾಳ ಸೊತ್ತೂ ಅಲ್ಲ, ಫ್ಲಾರೆನ್ಸಳಿಂದ ಕದ್ದದ್ದೂ ಅಲ್ಲ.

1965ರ 'ಬ್ಯಾಕ್ ಇನ್ ಮೈ ಆರ್ಮ್ಸ್ ಅಗೆಯ್ನ್' ಎಂಬ ಹಾಡಿನಲ್ಲಿ ಇದು ವಿಚಿತ್ರವಾಗಿ ಬಯಲಿಗೆ ಬರುತ್ತದೆ. ಗೆಳತಿಯರ ಬುದ್ಧಿವಾದ ಕೇಳಿ ಒಮ್ಮೆ ನಲ್ಲನನ್ನು ಕಳೆದುಕೊಂಡವಳು, ಇನ್ನು ಯಾರ ಮಾತನ್ನೂ ಕೇಳುವುದಿಲ್ಲವೆಂದು ಹಟ ಹಿಡಿಯುವ ಹಾಡು ಅದು. ಹಾಗೆ ಹೇಳುವಾಗ ಆಕೆ ಆ ಗೆಳತಿಯರ ಹೆಸರನ್ನೇ ಹಿಡಿಯುತ್ತಾಳೆ: ಮೇರಿ, ಫ್ಲೋ. ಆ ಇಬ್ಬರೂ ಹಿಂದೆ ನಿಂತು, ತಮ್ಮ ಹೆಸರಿಗೆ ಬಂದ ಆಕ್ಷೇಪಣೆಗೂ ದನಿಗೂಡಿಸುತ್ತಿದ್ದಾರೆ! ಆ ಕಾಲದ ಶ್ರೋತೃಗಳಿಗೆ ಇದು ಮೂವರ ಸಲುಗೆಯ ವಿನೋದವಾಗಿ ಕೇಳಿಸಿದ್ದಿರಬೇಕು. ಮುಂದಿನ ಕಥೆ ತಿಳಿದ ನಮಗೆ ಹಾಗೆ ಕೇಳಿಸುವುದು ಕಷ್ಟ. ಮರುವರ್ಷದ 'ಯು ಕಾಂಟ್ ಹರಿ ಲವ್' ಹಾಡಿನಲ್ಲಿ ನಾಯಿಕೆ ನೆನೆಯುವುದು ತಾಯಿಯ ಬುದ್ಧಿಮಾತನ್ನು. ತಾಯಿಯ ಮಾತು ನಿಂತಿತು, ಸಖಿಯರ ಮಾತು ನಿಲ್ಲಲಿಲ್ಲ!

1967ರಲ್ಲಿ ಎಲ್ಲವೂ ಒಟ್ಟಿಗೆ ಕಳಚಿತು. ಮೇಳದ ಹೆಸರು 'ಡಯಾನಾ ರಾಸ್ ಮತ್ತು ಸುಪ್ರೀಮ್ಸ್' ಎಂದಾಯಿತು. ಆ 'ಮತ್ತು' ಎಂಬ ಅವ್ಯಯ ಮಾಡಿದ ಕೆಲಸವನ್ನು ಯಾವ ವ್ಯಾಕರಣವೂ ವಿವರಿಸಲಾರದು. ಜುಲೈ ತಿಂಗಳಿನಲ್ಲಿ, ಲಾಸ್ ವೇಗಾಸ್ ನಗರದ ಹೋಟೆಲೊಂದರ ಕಾರ್ಯಕ್ರಮಗಳ ನಡುವೆಯೇ, ಫ್ಲಾರೆನ್ಸಳನ್ನು ಬಿಡಿಸಿ ಸಿಂಡಿ ಬರ್ಡ್‌ಸಾಂಗ್ ಎಂಬಾಕೆಯನ್ನು ನಿಲ್ಲಿಸಿದರು. ಅದೇ ತಿಂಗಳು ಡೆಟ್ರಾಯಿಟ್ ಗಲಭೆಯಲ್ಲಿ ಹೊತ್ತಿ ಉರಿಯಿತು. ಆಮೇಲೆ ಹಾಲೆಂಡ್-ಡೋಜಿಯರ್-ಹಾಲೆಂಡರೂ ಸಂಸ್ಥೆಯೊಡನೆ ಜಗಳವಾಡಿ ಹೊರನಡೆದರು. 1968ರ 'ಲವ್ ಚೈಲ್ಡ್', ಮದುವೆಯಿಲ್ಲದೆ ಹುಟ್ಟಿ ಬಡತನದಲ್ಲಿ ಬೆಳೆದವಳ ಬಾಯಿಂದ ಬಂದ ಗಟ್ಟಿಯಾದ ಹಾಡು. ಜರಿಯ ಉಡುಪಿನ ಈ ಮೇಳ ಅಂಥ ವಸ್ತುವನ್ನು ಎತ್ತಿಕೊಂಡದ್ದೇ ಒಂದು ಸಾಹಸ. ಆದರೆ ಅದರ ಹಿಮ್ಮೇಳದಲ್ಲಿರುವುದು ಮೇರಿಯಾಗಲಿ ಸಿಂಡಿಯಾಗಲಿ ಅಲ್ಲ. ಸಂಸ್ಥೆಯ ಸಂಬಳದ ಗಾಯಕಿಯರಾದ 'ಆಂಡಾಂಟೀಸ್'. 1969ರ 'ಸಮ್‌ಡೇ ವಿ ವಿಲ್ ಬಿ ಟುಗೆದರ್', ಎಂದರೆ 'ಎಂದಾದರೊಂದು ದಿನ ಒಂದಾಗುವೆವು' ಎಂಬರ್ಥದ ಹಾಡು, ಮೂವರ ಬೀಳ್ಕೊಡುಗೆಯೆಂದು ಪ್ರಸಿದ್ಧವಾಗಿದೆ. ಅದರಲ್ಲಿಯೂ ಡಯಾನಾಳ ಹೊರತು ಉಳಿದಿಬ್ಬರ ದನಿಯಿಲ್ಲ. ಹಿಂದಿನಿಂದ ಆಕೆಯನ್ನು ಹುರಿದುಂಬಿಸುವ ಗಂಡುದನಿ ನಿರ್ಮಾಪಕ ಜಾನಿ ಬ್ರಿಸ್ಟಲ್‌ನದು. ಕೂಡಿ ಬಾಳುವ ಆಸೆಯನ್ನು ಹೇಳುವ ಹಾಡನ್ನು ಮೇಳವೇ ಕೂಡಿ ಹಾಡಿರಲಿಲ್ಲ.

ಹಾಗಾದರೆ ಡಯಾನಾ ರಾಸ್ ಒಬ್ಬಳೇ ಹಾಡಿದ್ದು ಏನಾಯಿತು? ಆಕೆಯನ್ನು ದೂಷಿಸುವವರು ಇಲ್ಲಿ ಕಿವಿ ಮುಚ್ಚಿಕೊಳ್ಳುತ್ತಾರೆ, ಅದು ಅನ್ಯಾಯ. 1970ರ 'ಏಂಟ್ ನೋ ಮೌಂಟನ್ ಹೈ ಎನಫ್' ನಿಜವಾಗಿ ದೊಡ್ಡ ಕೃತಿ. 1967ರಲ್ಲಿ ಮಾರ್ವಿನ್ ಗೇ, ಟಾಮಿ ಟೆರೆಲ್ ಇಬ್ಬರೂ ಸರಸವಾಗಿ ಹಾಡಿ ಮುಗಿಸಿದ್ದ ಪುಟ್ಟ ಯುಗಳಗೀತೆ ಅದು. ಅದನ್ನು ರಚಿಸಿದ ಆಶ್‌ಫರ್ಡ್-ಸಿಂಪ್‌ಸನ್ ದಂಪತಿಗಳೇ ಡಯಾನಾಗಾಗಿ ಮತ್ತೆ ಕಟ್ಟಿ, ಆರು ನಿಮಿಷಕ್ಕೂ ಮಿಗಿಲಾಗಿ ಬೆಳೆಸಿದರು. (ಆಗ ಅವರಿಗೆ ಇನ್ನೂ ಮದುವೆಯಾಗಿರಲಿಲ್ಲ, ಹಾಡಿನಲ್ಲಿ ಮಾತ್ರ ದಂಪತಿಗಳು.) ಅದರ ಬಹುಭಾಗವನ್ನು ಆಕೆ ಹಾಡುವುದಿಲ್ಲ, ಮೆಲ್ಲಗೆ ಹೇಳುತ್ತಾಳೆ. ಶಿಖರವನ್ನು ಏರುವುದು ಹಿಂದಿನ ಗಾಯಕವೃಂದ. ಆಕೆ ಅದರ ತುದಿಗೆ ಬಂದು ನಿಲ್ಲುತ್ತಾಳೆ. ತನ್ನ ಕೊರಳಿನ ಮಿತಿಯನ್ನು ಇಷ್ಟು ಚೆನ್ನಾಗಿ ಅರಿತು ಬಳಸಿದವರು ಕಡಮೆ. ಗಮನಿಸಿ: ಒಂಟಿ ಗಾಯಕಿಯಾದ ಕೂಡಲೇ ಆಕೆ ಹುಡುಕಿಕೊಂಡದ್ದು ಇಬ್ಬರ ಬದಲು ಇಪ್ಪತ್ತು ಮಂದಿ ಸಖಿಯರನ್ನು.

1972ರ 'ಲೇಡಿ ಸಿಂಗ್ಸ್ ದಿ ಬ್ಲೂಸ್' ಚಲನಚಿತ್ರದಲ್ಲಿ ಬಿಲ್ಲಿ ಹಾಲಿಡೇಯ ಪಾತ್ರ ವಹಿಸಿ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಗೆ ನಾಮಕರಣ ಪಡೆದದ್ದೂ ಸಣ್ಣ ಮಾತಲ್ಲ. ಹಾಲಿಡೇಯನ್ನು ಅಣಕಿಸಲು ಹೋಗದೆ ಆಕೆಯ ಬಿಡುವುಗಳನ್ನಷ್ಟೇ ಕಲಿತದ್ದು ಡಯಾನಾಳ ಜಾಣತನ. ಅನಂತರದ ಎಷ್ಟೋ ಮುದ್ರಿಕೆಗಳು ಸಕ್ಕರೆಪಾಕ. ಅವುಗಳನ್ನು ದಾಟಿ ಹೋಗಬಹುದು. 1980ರ 'ಡಯಾನಾ' ಸಂಪುಟವನ್ನು ಮಾತ್ರ ದಾಟಲಾಗದು. 'ಷೀಕ್' ಮೇಳದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಅದನ್ನು ಕಟ್ಟಿದರು. ಅವರ ಮಿಶ್ರಣ ಸಂಸ್ಥೆಗೂ ಆಕೆಗೂ ಒಪ್ಪಿಗೆಯಾಗದೆ, ಅವರನ್ನು ಬಿಟ್ಟು ಮತ್ತೆ ಮಿಶ್ರ ಮಾಡಿ ದನಿಯನ್ನು ಮುಂದಕ್ಕೆ ತಂದರು. ಮೂಲ ಮಿಶ್ರಣ ಜನರಿಗೆ ದೊರೆತದ್ದು 2003ರಲ್ಲಿ. ಎರಡನ್ನೂ ಇಟ್ಟುಕೊಂಡು ಕೇಳಿದರೆ ನನ್ನ ಮನಸ್ಸು ಮೂಲದ ಕಡೆಗೇ ವಾಲುತ್ತದೆ. ಅಲ್ಲಿ 'ಅಪ್‌ಸೈಡ್ ಡೌನ್' ಹಾಡಿನ ಗಿಟಾರು, ಮಂದ್ರ ತಂತಿ ಎರಡೂ ಆಕೆಗೆ ಎದುರಾಡುತ್ತವೆ, ಛೇಡಿಸುತ್ತವೆ. ಹದಿಮೂರು ವರ್ಷಗಳ ಮೇಲೆ ನಾಯಿಕೆಗೆ ಬಾಯುಳ್ಳ ಸಖಿಯರು ಸಿಕ್ಕಿದ್ದರು, ಅವರ ದನಿಯನ್ನೂ ತಗ್ಗಿಸಲಾಯಿತು.

ಫ್ಲಾರೆನ್ಸಳ ಪಕ್ಷದವರಿಗೂ ಒಂದು ಮಾತು. ಆಕೆಗೆ ಅನ್ಯಾಯವಾಯಿತು, ನಿಜ. 1968ರ ಒಪ್ಪಂದದಂತೆ ಆಕೆ ತಾನು ಸುಪ್ರೀಮ್ಸ್ ಮೇಳದವಳೆಂದು ಪ್ರಚಾರ ಮಾಡಿಕೊಳ್ಳುವಂತಿರಲಿಲ್ಲ. ತಾನೇ ಆರಿಸಿದ ಹೆಸರು! ಎಬಿಸಿ ಸಂಸ್ಥೆ ಆ ವರ್ಷ ಆಕೆಯ ಎರಡು ತಟ್ಟೆಗಳನ್ನು ಹೊರತಂದಿತು, ಅವು ಓಡಲಿಲ್ಲ, ಸಿದ್ಧವಾಗಿದ್ದ ಸಂಪುಟವನ್ನು ಹಾಗೆಯೇ ಮೂಲೆಗಿಟ್ಟಿತು. ಕಷ್ಟಕಾರ್ಪಣ್ಯಗಳನ್ನು ಕಂಡು, 1976ರ ಫೆಬ್ರವರಿ 22ರಂದು, 32ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆ ಮುದ್ರಣಗಳು ಬೆಳಕು ಕಂಡದ್ದು ದಶಕಗಳ ಅನಂತರ. ಅವುಗಳನ್ನು ಕೇಳಿದರೆ, 1961ರ 'ಬಟರ್ಡ್ ಪಾಪ್‌ಕಾರ್ನ್' ಹಾಡಿನಲ್ಲಿ ಮುಂದೆ ನಿಂತು ತುಂಟತನದಿಂದ ಗರ್ಜಿಸಿದ ಹುಡುಗಿಯನ್ನು ಹುಡುಕಬೇಕಾಗುತ್ತದೆ. ಹಾಡುಗಳೇ ಸಾಧಾರಣ, ತುಂಬುಕಂಠಕ್ಕೆ ತಕ್ಕ ಒಂದು ವಸ್ತುವನ್ನೂ ಯಾರೂ ಒದಗಿಸಲಿಲ್ಲ. ಆದ್ದರಿಂದ ಆಕೆ ಡಯಾನಾಳಿಗಿಂತ ದೊಡ್ಡ ಗಾಯಕಿಯೆಂದು ಸಾಧಿಸಲು ನಮ್ಮ ಕೈಯಲ್ಲಿ ಪುರಾವೆಯಿಲ್ಲ. ಪುರಾವೆ ಹುಟ್ಟದಂತಾದದ್ದೇ ಆಕೆಗಾದ ಅನ್ಯಾಯ. 1981ರ 'ಡ್ರೀಮ್‌ಗರ್ಲ್ಸ್' ನಾಟಕ, 2006ರಲ್ಲಿ ಅದರಿಂದ ಆದ ಚಿತ್ರ ಇವೆರಡೂ ಈ ಕಥೆಯ ನೆರಳಿನಲ್ಲೇ ಹುಟ್ಟಿದವು. ಹೊರದೂಡಲ್ಪಟ್ಟ ಗಾಯಕಿಯ ಪಾತ್ರ ವಹಿಸಿದವರಿಗೆ ರಂಗಭೂಮಿಯಲ್ಲಿ ಟೋನಿ, ಚಿತ್ರದಲ್ಲಿ ಆಸ್ಕರ್ ಬಂದವು. ಅಲ್ಲಿ ಆ ಪಾತ್ರ ಬದುಕಿ ಉಳಿದು, ಕೊನೆಗೆ ಗೆಳತಿಯರೊಡನೆ ಮತ್ತೆ ವೇದಿಕೆ ಏರುತ್ತದೆ. ಪ್ರೇಕ್ಷಕರು ಕಣ್ಣೊರಸಿಕೊಂಡು, ಹಗುರಾಗಿ ಮನೆಗೆ ಹೋಗಬಹುದು.

ಮೇರಿ ವಿಲ್ಸನ್ ಮಾತ್ರ ಮೊದಲಿನಿಂದ ಕೊನೆಯವರೆಗೆ ಮೇಳದಲ್ಲಿ ನಿಂತವಳು. ಡಯಾನಾ 1970ರ ಜನವರಿಯಲ್ಲಿ ಹೊರಟ ಮೇಲೆ ಜೀನ್ ಟೆರೆಲ್ ಮುಂದಾಳಾದಳು; ಆ ವರ್ಷದ 'ಸ್ಟೋನ್ಡ್ ಲವ್' ಹಾಡನ್ನು ಕೇಳಿದವರು, ಡಯಾನಾ ಇಲ್ಲದೆ ಮೇಳವಿಲ್ಲ ಎಂಬ ಮಾತನ್ನು ಮತ್ತೆ ಆಡಲಾರರು. ಅದರಲ್ಲಿ ಹಿಮ್ಮೇಳ ಮುಮ್ಮೇಳಗಳು ಸರಿಸಮನಾಗಿ ಏರುತ್ತವೆ. ಅನಂತರ ಸ್ಮೋಕಿ ರಾಬಿನ್‌ಸನ್ ಕಟ್ಟಿದ 'ಫ್ಲಾಯ್ ಜಾಯ್' ಹಾಡಿನಲ್ಲಿ ಜೀನಳೊಡನೆ ಮೇರಿಯೂ ಮುಂದೆ ಬಂದು ಹಾಡಿದಳು. ಆ ಮಬ್ಬುದನಿ ಒಂದು ಸಾಲನ್ನು ಎತ್ತಿಕೊಂಡು ಇನ್ನೊಬ್ಬಳ ಕೈಗೆ ಕೊಡುವ ರೀತಿಯಲ್ಲಿ ಒಂದು ಸೌಜನ್ಯವಿದೆ. ಸಂಸ್ಥೆಯ ಗಮನ ಅಷ್ಟು ಹೊತ್ತಿಗೆ ಬೇರೆ ಕಡೆಗೆ ಹರಿದಿತ್ತು. 1977ರ ಜೂನಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಮೇಳ ಕೊನೆಯ ಬಾರಿ ಹಾಡಿತು. 1986ರಲ್ಲಿ ಮೇರಿ ಬರೆದ ಆತ್ಮಕಥೆ 'ಡ್ರೀಮ್‌ಗರ್ಲ್' ಬಿಸಿದೋಸೆಯ ಹಾಗೆ ಖರ್ಚಾಯಿತು. ಆಕೆಯ ಯಾವ ಹಾಡಿಗಿಂತಲೂ ಆ ಪುಸ್ತಕವೇ ಹೆಚ್ಚು ಹೆಸರು ತಂದಿತು. ಗಾಯಕಿಯ ಮಾತನ್ನು ಕೇಳಲು ಜನ ಸಿದ್ಧರಿದ್ದರು, ಹಾಡನ್ನಲ್ಲ.

ಮೇರಿಯ ಒಂಟಿ ಸಂಪುಟ ಮೋಟೌನಿನಿಂದ 1979ರಲ್ಲಿ ಬಂದಿತು. ಅಂದಿನ ಕುಣಿತದ ವೇಗಕ್ಕೆ ಆ ಮಂದದನಿಯನ್ನು ಕಟ್ಟಿಹಾಕಿದ್ದರಿಂದ ಅದು ನಿಲ್ಲಲಿಲ್ಲ. ಮರುವರ್ಷ, ಎಲ್ಟನ್ ಜಾನನ ಮುದ್ರಿಕೆಗಳನ್ನು ಕಟ್ಟಿದ ಗಸ್ ಡಜನ್ ಎಂಬಾತನೊಡನೆ ನಾಲ್ಕು ಹಾಡುಗಳನ್ನು ಮುದ್ರಿಸಿದಳು. ಸಂಸ್ಥೆ ಅವುಗಳನ್ನು ಹೊರತರದೆ ಆಕೆಯನ್ನು ಕೈಬಿಟ್ಟಿತು. ಅವು ಶ್ರೋತೃಗಳ ಕೈಗೆ ಬಂದದ್ದು 2021ರ ವಸಂತದಲ್ಲಿ. ಆ ವರ್ಷದ ಫೆಬ್ರವರಿ 8ರಂದು ಮೇರಿ ತನ್ನ 76ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಳು. ಆ ನಾಲ್ಕರಲ್ಲಿ ದನಿಗೆ ಬಿಡುವಿದೆ, ಒರಟು ಇದೆ, ಅವಸರವಿಲ್ಲ. ಸುಪ್ರೀಮ್ಸ್ ಮೇಳದ ಹಳೆಯ ತಟ್ಟೆಗಳಿದ್ದವರು ಇವನ್ನು ಕೇಳಿ, ಆಮೇಲೆ 1964ರ ಆ ಮೊದಲ ಗೆಲುವಿನ ಹಾಡನ್ನು ಮತ್ತೆ ಹಾಕಬೇಕು. ಹಿಂದಿನ ಎರಡು ದನಿಗಳಲ್ಲಿ ಇದು ಯಾವುದೆಂದು ಆಗ ಗುರುತು ಹತ್ತುತ್ತದೆ.