ಬಂಡೆಯ ಹೊಟ್ಟೆಯಡಿಯ ಬೆಳಕು

ಆನೆಗೊಂದಿಯನ್ನು ಒಮ್ಮೆಯಾದರೂ ಬರೆಯದ ಚಿತ್ರಕಾರ ಕೊಪ್ಪಳ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ತುಂಗಭದ್ರೆ, ಹರಿಗೋಲು, ದೂರಕ್ಕೆ ಅಂಜನಾದ್ರಿ, ಸುತ್ತ ಬಂಡೆಗಳು. ಇಂಥ ಚಿತ್ರಗಳ ಮುಂದೆ ನಿಂತಾಗಲೆಲ್ಲ ನನ್ನನ್ನು ಕಾಡುವ ಕೊರಗು ಒಂದೇ: ಬಂಡೆಗೆ ತೂಕವಿರುವುದಿಲ್ಲ. ಕಪ್ಪು ಗೆರೆಯಲ್ಲಿ ಸುತ್ತುಹಾಕಿ, ಒಳಗೆ ಕಂದು ತುಂಬಿ, ಒಂದು ಮಗ್ಗುಲಿಗೆ ಕರಿ ಬಳಿದಿರುತ್ತಾರೆ. ಗಾಳಿ ಬಂದರೆ ಹಾರಿಹೋದೀತು ಅನ್ನಿಸುತ್ತದೆ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಲ್ಲಿ ಕಾವಿ ಹಿಡಿದ ಆದಿಮಾನವ ಬಂಡೆಯ ಮೇಲೆ ಬರೆದ, ಬಂಡೆಯನ್ನು ಬರೆಯಲಿಲ್ಲ. ಅವನಿಗೆ ಚಪ್ಪಟೆ ಬಣ್ಣ ಸಾಕಾಯಿತು. ನಮಗೆ ಸಾಲದು.

ಚಳಿಗಾಲದಲ್ಲಿ ಬೆಳಿಗ್ಗೆ ಏಳೂವರೆಗೆ ಹೊಳೆದಂಡೆಗೆ ಹೋಗಿ, ಒಂದೇ ಬಂಡೆಯನ್ನು ಕಣ್ಣು ಕಿರಿದು ಮಾಡಿ ನೋಡಬೇಕು. ಬಿಸಿಲು ಬಿದ್ದ ನೆತ್ತಿ ಹಾಳೆಯಷ್ಟೇ ಬೆಳ್ಳಗೆ, ತುಸು ಗುಲಾಬಿ. ನೆರಳಿನ ಮಗ್ಗುಲು ಕಪ್ಪಲ್ಲ. ಆಕಾಶದ ನೀಲಿ ಅಲ್ಲಿಗೆ ಇಳಿದಿರುತ್ತದೆ. ಇನ್ನೂ ಕೆಳಗೆ, ಬಂಡೆಯ ಹೊಟ್ಟೆಯಡಿ, ಮರಳಿನಿಂದ ಪುಟಿದ ಬೆಳಕು ನೆರಳನ್ನೇ ಬೆಚ್ಚಗೆ ಮಾಡಿರುತ್ತದೆ. ಕಲ್ಲು ನೆಲ ಮುಟ್ಟುವಲ್ಲಿ ಮಾತ್ರ ಒಂದು ಎಳೆಯಷ್ಟು ಗಾಢ ಕತ್ತಲು. ಆ ಎಳೆ ಬಿತ್ತೋ, ಬಂಡೆ ಕೂತಿತು! ಇದಕ್ಕೆ ಕರಿ ಬಣ್ಣದ ಟ್ಯೂಬೇ ಬೇಡ. ಬರ್ಂಟ್ ಸಿಯೆನಾಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಬೇಕಾದ ಬೂದಿಗಳೆಲ್ಲ ಸಿಗುತ್ತವೆ.

ನಮ್ಮ ಹುಡುಗರು ರುಮಾಲೆ ಚನ್ನಬಸವಯ್ಯನವರನ್ನು (1910–1988) ಬಹಳ ಮೆಚ್ಚುತ್ತಾರೆ. ನಾನೂ ಮೆಚ್ಚುತ್ತೇನೆ. ಆದರೆ ಅವರ ಚುಕ್ಕೆ ಚುಕ್ಕೆಯ ಹೊಳೆವ ಬಣ್ಣ ಬೆಂಗಳೂರಿನ ಹೂಮರಗಳಿಂದ ಹುಟ್ಟಿದ್ದು. ಅದನ್ನು ಆನೆಗೊಂದಿಗೆ ತಂದರೆ ಕಲ್ಲು ಕಲ್ಲಾಗಿ ಉಳಿಯದೆ ಹೂಬುಟ್ಟಿಯಾಗುತ್ತದೆ. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳನ್ನು ನೋಡಿದ ಮೇಲೆ, ತೆಳುವಾಗಿ ಪದರದ ಮೇಲೆ ಪದರ ಕಟ್ಟುವ ಅವರ ತಾಳ್ಮೆಯೇ ನಮಗೆ ಹೆಚ್ಚು ಹತ್ತಿರದ್ದು ಅನ್ನಿಸಿತು. ತೊಡಕಿರುವುದು ಹವೆಯಲ್ಲಿ. ಊಟಿಯ ತೇವ ಇಲ್ಲೆಲ್ಲಿ? ಏಪ್ರಿಲ್‌ನಲ್ಲಿ ಗಂಗಾವತಿಯಲ್ಲಿ ವಾಶ್ ಹರಡುವುದರೊಳಗೆ ಅಂಚು ಒಣಗಿ ಕಲೆ ಕಟ್ಟುತ್ತದೆ. ಹಾಳೆಯ ಹಿಂಬದಿಯನ್ನೂ ನೆನೆಸಿ, ಕಾಲು ಹಾಳೆಗಿಂತ ದೊಡ್ಡದಕ್ಕೆ ಕೈಹಾಕದೆ, ಒಂಬತ್ತರೊಳಗೆ ಕುಂಚ ತೊಳೆದಿಡುವುದೇ ಉಪಾಯ.

ಬಂಡೆಯ ಪಾಠ ಮನೆಯಲ್ಲೇ, ಮೇಜಿನ ಮೇಲೆ ಶುರುವಾಗಬೇಕು ಅನ್ನುವುದು ನನ್ನ ವಾದ. ಡ್ರಾಯಿಂಗ್ ಪರೀಕ್ಷೆಯ ನೆಪದಲ್ಲಿ ವಸ್ತುಚಿತ್ರವನ್ನು ಬಕೆಟ್ಟು, ಪ್ಲಾಸ್ಟಿಕ್ ಸೇಬಿಗೆ ಕಟ್ಟಿಹಾಕಿದ್ದೇವೆ. ಪರೀಕ್ಷೆ ಮುಗಿದರೆ ಅದೂ ಮುಗಿಯಿತು. ಒಂದು ಮಣ್ಣಿನ ಗಡಿಗೆಯನ್ನು ಕಿಟಕಿಯ ಪಕ್ಕ ಕೆಂಪು ವಸ್ತ್ರದ ಮೇಲಿಟ್ಟು ನೋಡಿ. ವಸ್ತ್ರದ ಕೆಂಪು ಗಡಿಗೆಯ ಹೊಟ್ಟೆಯಡಿ ಏರಿರುತ್ತದೆ. ಹೊಳೆದಂಡೆಯಲ್ಲಿ ಮರಳು ಮಾಡುವುದೂ ಇದನ್ನೇ. ಪಕ್ಕಕ್ಕೆ ಒಂದು ಕಿನ್ನಾಳ ಬೊಂಬೆ ಇಟ್ಟರಂತೂ ನಿಜವಾದ ಪರೀಕ್ಷೆ. ಹಳದಿ, ಹಸಿರು, ಕೆಂಪು, ಎಲ್ಲವೂ ಕೂಗಿ ಕರೆಯುತ್ತವೆ. ಹೆಚ್ಚಿನವರು ಬೊಂಬೆಯ ಕಣ್ಣು, ಕುಸುರಿ ತಿದ್ದುತ್ತ ಕೂತು ದುಂಡುತನವನ್ನೇ ಕಳೆದುಕೊಳ್ಳುತ್ತಾರೆ. ನೆರಳಿಗೆ ತಿರುಗಿದ ಹಳದಿ ಬಿಸಿಲಿನ ಹಸಿರಿಗಿಂತ ಮಬ್ಬಾಗಿರಬಹುದು. ಅದನ್ನು ಕಣ್ಣು ಒಪ್ಪಿಕೊಳ್ಳಲು ನನಗೇ ವರ್ಷಗಳು ಹಿಡಿದವು.

ಇನ್ನೊಂದು ತಕರಾರಿದೆ. ಎಲ್ಲರೂ ಆನೆಗೊಂದಿಗೇ ಹೋಗುತ್ತಾರೆ. ಕುಷ್ಟಗಿಯ ಮಸಾರಿಯನ್ನು, ಯಲಬುರ್ಗಾದ ಎರೆ ಹೊಲವನ್ನು ಬರೆಯುವವರು ಯಾರು? ಅಲ್ಲಿ ಬರೆಯಲು ಏನೂ ಇಲ್ಲವೆನ್ನುತ್ತಾರೆ. ಆ ಬಯಲಿಗೆ ಹಾಳೆಯ ಮೂರು ಪಾಲಿನಲ್ಲಿ ಎರಡು ಪಾಲು ಆಕಾಶ ಕೊಟ್ಟು ನೋಡಲಿ. ಕಾಲಬುಡದ ಎರೆ ಬೆಚ್ಚನೆಯ ಕಪ್ಪು. ದೂರ ಸರಿದಂತೆ ಅದೇ ಮಣ್ಣು ತಿಳಿಯಾಗಿ, ನೀಲಿಯಾಗಿ, ಕೊನೆಗೆ ಆಕಾಶಕ್ಕಿಂತ ಒಂದೇ ಒಂದು ಛಾಯೆಯಷ್ಟು ಗಾಢವಾಗಿ ನಿಲ್ಲುತ್ತದೆ. ನಡುವೆ ಹಿಂಗಾರಿ ಬಿಳಿಜೋಳದ ಒಂದು ಪಟ್ಟಿ, ಒಂಟಿ ಬನ್ನಿ ಗಿಡ, ಅದರ ಬುಡದಲ್ಲಿ ಬೆರಳಗಲ ನೆರಳು.